ರಬ್ಬರಕ್ಕನ ಒಂದನೇ ಕಾಯಿದೆ

ಕಂಪ್ಯೂಟರ್ ರಿಪೇರಿ ಅಂದರೆ ಜನ ಏನೋ ದೊಡ್ಡ ಮಂತ್ರವಿದ್ಯೆ ಅಂದುಕೊಂಡಿರುತ್ತಾರೆ. ಮಣ್ಣಂಗಟ್ಟಿ! ಅರ್ಧ ಕೆಲಸ ಧೂಳು ಹೊಡೆಯುವುದು, ಕಾಲು ಭಾಗ ಸ್ಕ್ರೂ ಕಳೆದುಹೋಗದಂತೆ ಕಾಯುವುದು, ಮಿಕ್ಕ ಕಾಲು ಭಾಗ ಗಿರಾಕಿ ಹೇಳುವ ಸುಳ್ಳನ್ನು ಮುಖ ಗಂಟಿಕ್ಕದೆ ಕೇಳಿಸಿಕೊಳ್ಳುವುದು. "ನಾನೇನೂ ಮಾಡಿಲ್ಲ, ಸುಮ್ಮನೆ ಕೂತಿದ್ದೆ, ಅದರಷ್ಟಕ್ಕೆ ಅದೇ ಕೆಟ್ಟುಹೋಯ್ತು" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಅರ್ಧ ಲೋಟ ಟೀ. ಹೀಗಂತ ಹೇಳುವುದು ನಾನಲ್ಲ, ರಬ್ಬರಕ್ಕ. ಇಪ್ಪತ್ತಾರು ವರ್ಷದಿಂದ ಬಿಚ್ಚಿ ಕಟ್ಟುತ್ತಿರುವವಳು, ಹೇಳುವ ಹಕ್ಕು ಅವಳಿಗಿದೆ.

ಅವಳ ಅಂಗಡಿ ಅಂದರೆ ಒಂದು ಮಹಡಿ ಮನೆಯ ಮೆಟ್ಟಿಲ ಕೆಳಗಿನ ಸಂದು. ಒಂದು ಪಕ್ಕ ಎತ್ತರ, ಇನ್ನೊಂದು ಪಕ್ಕ ಮೊಣಕಾಲುದ್ದ. ಹೊಸ ಗಿರಾಕಿಗಳೆಲ್ಲ ಒಮ್ಮೆ ತಲೆ ಚಚ್ಚಿಸಿಕೊಂಡೇ ಒಳಗೆ ಬರಬೇಕು. ಒಂದು ಮೇಜು, ಕುತ್ತಿಗೆ ತಿರುಗಿಸುವ ಒಂದು ದೀಪ, ಬಿಸ್ಕತ್ತಿನ ಡಬ್ಬಗಳಲ್ಲಿ ಸೈಜಿನ ಪ್ರಕಾರ ಸ್ಕ್ರೂಗಳು, ಮೇಜಿನ ಮೇಲೆ ಸ್ಕೂಲು ಮಕ್ಕಳ ಬಿಳಿ ರಬ್ಬರು. ಆ ರಬ್ಬರಿನಿಂದಲೇ ಅವಳಿಗೆ ಆ ಹೆಸರು ಬಿದ್ದದ್ದು. ಕಂಪ್ಯೂಟರಿನೊಳಗೆ ಮೆಮೊರಿ ಪಟ್ಟಿ ಅಂತ ಗೇಣುದ್ದಕ್ಕಿಂತ ಚಿಕ್ಕದೊಂದು ಹಸಿರು ಹಲಗೆ ಇರುತ್ತದಲ್ಲ, ಅದರ ಅಂಚಿನ ಹಳದಿ ಹಲ್ಲುಗಳು ಕೊಳೆಯಾದರೆ ಕಂಪ್ಯೂಟರ್ ಮೊಂಡು ಹಿಡಿಯುತ್ತದೆ. ಆ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದರೆ ಹತ್ತರಲ್ಲಿ ಆರು ಸಲ ಜೀವ ಬರುತ್ತದೆ. ಇದನ್ನು ಕಂಡ ಬೀದಿಯವರು ಅವಳ ಸ್ವಂತ ಹೆಸರನ್ನು ಎಂದೋ ಅಳಿಸಿಹಾಕಿದ್ದರು.

ಅಕ್ಕನಿಗೆ ಮೂರು ಕಾಯಿದೆ. ಒಂದು, ಮೊದಲು ನಕಲು, ಆಮೇಲೆ ಸ್ಕ್ರೂಡ್ರೈವರ್: ಯಾವ ಕಂಪ್ಯೂಟರ್ ಬಂದರೂ ಗಿರಾಕಿಯ ಫೈಲುಗಳನ್ನೆಲ್ಲ ತನ್ನ ಹೊರ ಡಿಸ್ಕಿಗೆ ಇಳಿಸಿಕೊಳ್ಳದೆ ಮುಚ್ಚಳ ತೆಗೆಯುವುದಿಲ್ಲ. ಎರಡು, ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸುವುದು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿ "ಸರಿಹೋಯ್ತು" ಅನ್ನುವವರು ಅವಳ ಪ್ರಕಾರ ರಿಪೇರಿಯವರಲ್ಲ, ಜೂಜುಕೋರರು. ಮೂರು, ಹಳೆ ಡಿಸ್ಕ್ ತೆಗೆದರೆ ಗಿರಾಕಿಯ ಕಣ್ಣೆದುರೇ ಡ್ರಿಲ್ಲಿನಲ್ಲಿ ಮೂರು ತೂತು. ಹಿಂದೊಮ್ಮೆ ಯಾರದೋ ಹಳೆ ಡಿಸ್ಕು ಗುಜರಿಗೆ ಹೋಗಿ, ಅದರಲ್ಲಿದ್ದ ಒಂದು ಸಂಸಾರದ ಕಾಗದಪತ್ರ, ಫೋಟೋ ಎಲ್ಲ ಬೀದಿಪಾಲಾಗಿತ್ತು. ಅಂದಿನಿಂದ ತೂತು. ಇಷ್ಟಲ್ಲದೆ ಮಾಡಿದ್ದನ್ನೆಲ್ಲ ಮಾಡಿದ ಕ್ರಮದಲ್ಲೇ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಾಳೆ.

ಇಂಥ ಕಟ್ಟುನಿಟ್ಟಿನವಳಿಗೂ ಒಂದು ದಿನ ಏಟು ಬಿತ್ತು. ಬಿದ್ದದ್ದು ಕಾಯಿದೆ ಮುರಿದಿದ್ದಕ್ಕಲ್ಲ, ಪಾಲಿಸಿದ್ದಕ್ಕೆ!

ಒಂದು ಸೋಮವಾರ ಜೋಡಿನಜ್ಜನ ಸೊಸೆ ಒಂದು ಹಳೆ ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ಜೋಡಿನಜ್ಜ ಮೂರು ಬೀದಿ ಆಚೆ ಜೋಡು ಹೊಲಿಯುವವರು, ಎಪ್ಪತ್ತೊಂದು ವರ್ಷ. ಸಾಮಾನ್ಯ ಜೋಡಲ್ಲ. ಎರಡು ಕಾಲು ಒಂದೇ ಸಮ ಇಲ್ಲದವರಿಗೆ, ಪಾದ ತಿರುಚಿಕೊಂಡವರಿಗೆ, ಒಂದು ಕಾಲು ಗಿಡ್ಡ ಇರುವವರಿಗೆ ಹೊಲಿಯುತ್ತಾರೆ. ಒಂದೊಂದು ಪಾದಕ್ಕೆ ಇಪ್ಪತ್ತೆರಡು ಅಳತೆ, ಎಲ್ಲ ಮಿಲಿಮೀಟರಿನಲ್ಲಿ. ಚೀಟಿಯಲ್ಲಿ ಗೀಚಿಕೊಂಡು, ಎರಡು ಬೆರಳಲ್ಲಿ ಕುಟ್ಟಿ ಕಂಪ್ಯೂಟರಿಗೆ ಹಾಕಿ, ಚೀಟಿ ಹರಿದು ಬಿಸಾಡುತ್ತಾರೆ. ಹೀಗೆ ನಾನೂರ ಹನ್ನೆರಡು ಜನರ ಕಾಲು ಆ ಒಂದು ಡಬ್ಬದೊಳಗೆ ಇತ್ತು.

"ಆನ್ ಮಾಡಿ ಸ್ನಾನಕ್ಕೆ ಹೋಗಿ ಬಂದ್ರೂ ಇನ್ನೂ ಚಕ್ರ ತಿರುಗ್ತಾನೇ ಇರುತ್ತೆ ಅಕ್ಕ," ಅಂದಳು ಸೊಸೆ. "ಆರು ತಿಂಗಳಿಂದ ಮಧ್ಯೆ ಮಧ್ಯೆ ಹ್ಯಾಂಗ್ ಬೇರೆ. ಶುಕ್ರವಾರದೊಳಗೆ ಮಾಡಿಕೊಡಿ. ಪಕ್ಕದ ಊರಿಂದ ಇನ್ನೊಬ್ಬ ಜೋಡಿನವರು ಬಂದು ಇದನ್ನ ತಗೊಂಡು ಹೋಗ್ತಾರೆ. ಮಾವ ಅಂಗಡಿ ಮುಚ್ತಿದ್ದಾರೆ."

"ಯಾಕಮ್ಮ? ಗಟ್ಟಿಮುಟ್ಟಾಗೇ ಇದ್ದಾರಲ್ಲ?"

ಸೊಸೆ ದನಿ ತಗ್ಗಿಸಿದಳು. "ಅಳತೆ ತಪ್ತಿದೆ ಅಕ್ಕ. ಮೂರು ತಿಂಗಳಲ್ಲಿ ಮೂರು ಜೊತೆ ವಾಪಸ್ ಬಂತು. ಅಂಚೆಯವರ ಹಿಮ್ಮಡಿ ಸುಲಿದು ರಕ್ತ ಬಂದಿತ್ತು. ಅವತ್ತಿಂದ ಮಾವ ಸರಿಯಾಗಿ ಊಟ ಮಾಡ್ತಿಲ್ಲ. ಕೈ ಹೋಯ್ತು, ಇನ್ನು ಜನರ ಕಾಲು ಕೆಡಿಸಬಾರದು ಅಂತಾರೆ. ನಾನೂ ಅಂದೆ, ಸಾಕು ಬಿಡಿ ಮಾವ, ವಯಸ್ಸಾಯ್ತು, ಒಪ್ಪಿಸಿಬಿಡಿ ಅಂತ. ಇನ್ನೇನು ಹೇಳಲಿ?"

ಅಕ್ಕ ಕೆಲಸ ಹಿಡಿದಳು. ಮೊದಲು ನಕಲು. ಸಂಜೆಯವರೆಗೂ ಆ ಮುದಿ ಯಂತ್ರ ಏದುಸಿರು ಬಿಡುತ್ತಾ ಫೈಲುಗಳನ್ನು ಒಂದೊಂದಾಗಿ ಉಗುಳಿತು. ಆಮೇಲೆ ಮುಚ್ಚಳ ತೆಗೆದಳು. ಧೂಳು ಹೊಡೆದಳು. ಮೆಮೊರಿ ಪರೀಕ್ಷೆಗೆ ಹಾಕಿದಳು, ಪರದೆ ತುಂಬ ಕೆಂಪು ಸಾಲು. ರಬ್ಬರು ಹಾಕಿ ತಿಕ್ಕಿದಳು, ಮತ್ತೆ ಕೆಂಪು. ಇದ್ದದ್ದು ಎರಡು ಪಟ್ಟಿ. ಒಂದೊಂದನ್ನೇ ಕೂರಿಸಿ ನೋಡಿದಾಗ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅಂತ ತಿಳಿಯಿತು. ಜಾಗ ಬದಲಾಯಿಸಿ ನೋಡಿದರೂ ಅದೇ ಪಟ್ಟಿಯದೇ ತಕರಾರು. ಕೆಟ್ಟದ್ದನ್ನು ಕಿತ್ತು ಡ್ರಾಯರಿನಿಂದ ಬೇರೊಂದು ಹಾಕಿದಳು, ಕೆಂಪು ಹೋಯಿತು. ನಿಧಾನಕ್ಕೆ ಕಾರಣ ಬೇರೆ: ಹಳೆ ಡಿಸ್ಕು ಒಳಗೇ ಕಟಕಟ ಹಲ್ಲು ಕಡಿಯುತ್ತಿತ್ತು. ಅದನ್ನು ತೆಗೆದು ಹೊಸ ತರಹದ್ದು ಹಾಕಿ, ನಕಲು ಮಾಡಿಕೊಂಡಿದ್ದ ಫೈಲುಗಳನ್ನು ಅದಕ್ಕೆ ವಾಪಸ್ ತುಂಬಿದಳು. ಮಂಗಳವಾರ ಸಂಜೆ ಸೊಸೆ ಬಂದಾಗ ಗುಂಡಿ ಒತ್ತಿ ಹತ್ತು ಎಣಿಸುವುದರೊಳಗೆ ಪರದೆ ಬಂತು. ಸೊಸೆ "ಅಯ್ಯಯ್ಯೋ!" ಅಂದಳು. ಹಳೆ ಡಿಸ್ಕಿಗೆ ಅವಳ ಎದುರೇ ಮೂರು ತೂತು ಬಿತ್ತು. ಎಲ್ಲ ಕಾಯಿದೆ ಪ್ರಕಾರ.

ಗುರುವಾರ ಮಧ್ಯಾಹ್ನ ಅಕ್ಕ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದಳು. ಬೆಳಿಗ್ಗೆ ಯಾರೋ ಅದೇ ಕಾಲದ ಇನ್ನೊಂದು ಕಂಪ್ಯೂಟರ್ ತಂದಿಟ್ಟು ಹೋಗಿದ್ದರು. ಅದಕ್ಕೆ ಯಾವ ಪಟ್ಟಿ ಹೊಂದುತ್ತದೆ ನೋಡೋಣ ಅಂತ ಎಡಗೈಯಲ್ಲಿ ನೋಟುಬುಕ್ ತಿರುವಿದಳು. ಅಜ್ಜನ ಕಂಪ್ಯೂಟರಿನ ಪುಟ ಸಿಕ್ಕಿತು. ಒಂದನೇ ಸಾಲು: ನಕಲು ಮುಗಿಯಿತು. ಎರಡನೇ ಸಾಲು: ಮೆಮೊರಿ ಪರೀಕ್ಷೆ, ಕೆಂಪು.

ತುತ್ತು ಕೈಯಲ್ಲೇ ನಿಂತಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಕಂಪ್ಯೂಟರ್ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಏನನ್ನೇ ಸಾಗಿಸಲಿ, ಮಧ್ಯೆ ಅದನ್ನು ಮೆಮೊರಿ ಪಟ್ಟಿಯ ಮೇಲೆ ಇಟ್ಟು ಎತ್ತಿಕೊಳ್ಳುತ್ತದೆ. ಅಡುಗೆ ಕಟ್ಟೆ ಇದ್ದ ಹಾಗೆ. ಕಟ್ಟೆಯ ಒಂದು ಮೂಲೆಯಲ್ಲಿ ಸೀಮೆಎಣ್ಣೆ ಚೆಲ್ಲಿದ್ದರೆ, ಅಲ್ಲಿಟ್ಟ ಪಾತ್ರೆಗೆಲ್ಲ ವಾಸನೆ. ಅಕ್ಕ ನಾನೂರ ಹನ್ನೆರಡು ಜನರ ಕಾಲನ್ನು ಆ ಕಟ್ಟೆಯ ಮೇಲಿಂದಲೇ ಸಾಗಿಸಿದ್ದಳು. ಆಮೇಲೆ ಕಟ್ಟೆ ಕೊಳಕು ಅಂತ ಕಂಡುಹಿಡಿದಳು. ಅದಾದ ಮೇಲೆ ಮೂಲಕ್ಕೆ ಮೂರು ತೂತು ಹೊಡೆದಳು! ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಲ ಹೀಗೇ ಮಾಡಿರಬಹುದು ಅನ್ನುವ ಯೋಚನೆಯೂ ಬಂತು. ಅದನ್ನು ಅವಳು ಅಲ್ಲಿಗೇ ತಡೆದಳು. ಒಂದು ಸಲಕ್ಕೆ ಒಂದೇ.

ಕೈ ತೊಳೆದು ಹೊರ ಡಿಸ್ಕ್ ಸಿಕ್ಕಿಸಿದಳು. ಗಿರಾಕಿಯ ನಕಲನ್ನು ಹದಿನೈದು ದಿನ ಅಳಿಸುವುದಿಲ್ಲ, ಹಾಗಾಗಿ ಇತ್ತು. ಒಂದೊಂದೇ ಫೈಲು ತೆರೆದಳು. ಅಂಕಿ, ಅಂಕಿ, ಅಂಕಿ. ಮೂವತ್ತೊಂದನೆಯದರಲ್ಲಿ ಪಾದದ ಉದ್ದ "24<" ಅಂತ ಇತ್ತು. ಎರಡು, ನಾಲ್ಕು, ಆಮೇಲೊಂದು ಬಾಣದ ಮೂತಿ! ಇನ್ನೂ ಮುಂದೆ ಹೋದಾಗ ಅಂಥದೇ ಮತ್ತೊಂದು. ಒಂದು ಕಡೆ ಅಂಕಿ ಇರಬೇಕಾದಲ್ಲಿ ಎರಡು ಅಡ್ಡಗೆರೆ. ಒಟ್ಟು ಏಳು ಸಿಕ್ಕವು. ಅಕ್ಕ ತನ್ನ ಹಳೆ ಪುಸ್ತಕ ತೆಗೆದು ಕಂಪ್ಯೂಟರ್ ಅಂಕಿಗಳನ್ನು ಹೇಗೆ ಗುರುತಿಟ್ಟುಕೊಳ್ಳುತ್ತದೆ ಅನ್ನುವ ಕೋಷ್ಟಕ ನೋಡಿದಳು. ಆ ಲೆಕ್ಕದಲ್ಲಿ ಎಂಟಕ್ಕೆ ನಾಲ್ಕು ಸೇರಿದರೆ ಬಾಣದ ಮೂತಿ, ಒಂಬತ್ತಕ್ಕೆ ನಾಲ್ಕು ಸೇರಿದರೆ ಅಡ್ಡಗೆರೆ. ಮೆಮೊರಿ ಪಟ್ಟಿಯ ಕೆಟ್ಟ ಜಾಗಕ್ಕೆ ಸಿಕ್ಕ ಅಂಕಿಗೆ ನಾಲ್ಕು ಕೂಡುತ್ತಿತ್ತು. ಹಾಗಾದರೆ ಸೊನ್ನೆ ನಾಲ್ಕಾಗುತ್ತದೆ, ಒಂದು ಐದಾಗುತ್ತದೆ, ಎರಡು ಆರು, ಮೂರು ಏಳು. ಅವು ನೋಡಲು ನೆಟ್ಟಗಿರುವ ಅಂಕಿಗಳೇ. ಕಣ್ಣಿಗೆ ಕಂಡದ್ದು ಏಳು, ಕಾಣದೆ ಕೂತಿರುವುದು ಎಷ್ಟೋ. ನಾಳೆ ಆ ಪಕ್ಕದೂರಿನವನು ಬರುತ್ತಾನೆ, ಈ ಅಳತೆ ನಂಬಿ ಹೊಲಿಯುತ್ತಾನೆ, ಹಾಕಿಕೊಂಡವರ ಕಾಲು ಸುಲಿಯುತ್ತದೆ. ಆಮೇಲೆ ಎಲ್ಲರೂ ಹೇಳುವುದು ಒಂದೇ ಮಾತು: ಮುದುಕ ಕೊನೆಗೆ ಅಳತೆಯನ್ನೂ ಕೆಡಿಸಿಟ್ಟು ಹೋದ.

ಸಂಜೆ ಮನೆಗೆ ಹೋದವಳು ಚಪ್ಪಲಿ ಕೂಡ ಬಿಡದೆ ಗಂಡನಿಗೆ ಎಲ್ಲ ಹೇಳಿದಳು. ಅವರು ಬಸ್ ಡ್ರೈವರು, ಆಗಷ್ಟೇ ಪಾಳಿ ಮುಗಿಸಿ ಬಂದು ಕಾಲು ಚಾಚಿದ್ದರು.

"ಯಾರಿಗಾದ್ರೂ ಗೊತ್ತಾಗುತ್ತಾ?" ಕೇಳಿದರು.

"ಇಲ್ಲ. ಎಲ್ಲಾರೂ ಅಜ್ಜನ ತಲೆಗೇ ಕಟ್ತಾರೆ."

"ನೀನು ಹೇಳಿದ್ರೆ?"

"ನನ್ನ ಮಾನ ಬೀದೀಲಿ. ನಾಳೆಯಿಂದ ರಬ್ಬರಕ್ಕನ ಹತ್ರ ಯಾರು ಬರ್ತಾರೆ?"

ಗಂಡ ಸ್ವಲ್ಪ ಹೊತ್ತು ಕಾಲ ಬೆರಳು ನೀವಿಕೊಂಡರು. "ಹೇಳದೇ ಇದ್ರೆ ನೀನು ಊಟ ಬಿಡ್ತೀಯ. ನೀನು ಊಟ ಬಿಟ್ರೆ ಈ ಮನೇಲಿ ನನಗೂ ಉಪವಾಸವೇ. ನನ್ನ ಹೊಟ್ಟೆ ನೋಡಿಯಾದ್ರೂ ಹೋಗಿ ಹೇಳಿಬಿಡು ಮಾರಾಯ್ತಿ."

ಅಕ್ಕನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಮುಗಿಸಿ ಅಡುಗೆಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಜೋಡಿನಜ್ಜನ ಅಂಗಡಿಗೆ ಹೋದಾಗ ಗೋಡೆಗಳು ಖಾಲಿಯಾಗಿದ್ದವು. ಮರದ ಅಚ್ಚುಗಳೆಲ್ಲ ಪೆಟ್ಟಿಗೆ ಸೇರಿದ್ದವು. ಹೊಲಿಗೆ ಯಂತ್ರವನ್ನು ಗೋಣಿ ಸುತ್ತಿ ಹಗ್ಗ ಬಿಗಿದಿಟ್ಟಿದ್ದರು. ಅಂಟಿನ ವಾಸನೆ ಮಾತ್ರ ಇನ್ನೂ ಇತ್ತು. ಅಜ್ಜ ಒಂದು ಸ್ಟೂಲಿನ ಮೇಲೆ, ಮಾಡಲು ಕೆಲಸವಿಲ್ಲದ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ಕೂತಿದ್ದರು. ಸೊಸೆ ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದಳು.

"ಬಾ ತಾಯಿ," ಅಂದರು ಅಜ್ಜ. "ಭಾರಿ ಚೆನ್ನಾಗಿ ಮಾಡಿಕೊಟ್ಟೆ. ಓಡುತ್ತೆ ಈಗ. ಓಡಿಸೋನಿಗೇ ವಯಸ್ಸಾಯ್ತು ಅಷ್ಟೆ."

"ಯಜಮಾನ್ರೇ, ಚೆನ್ನಾಗಿ ಮಾಡಿಲ್ಲ. ಅದನ್ನೇ ಹೇಳೋಕೆ ಬಂದೆ," ಅಂದಳು ಅಕ್ಕ. ನಿಂತುಕೊಂಡೇ ಹೇಳಿದಳು, ಸುತ್ತಿ ಬಳಸಿ ಹೇಳಲಿಲ್ಲ. ಕೆಟ್ಟ ಪಟ್ಟಿಯ ಮೇಲೆ ನಕಲು ಮಾಡಿದ್ದು, ಅಳತೆಗಳು ಕೆಟ್ಟದ್ದು, ಮೂಲಕ್ಕೆ ತೂತು ಹೊಡೆದದ್ದು. "ಮೊದಲು ಪರೀಕ್ಷೆ ಮಾಡಿ ಆಮೇಲೆ ನಕಲು ಮಾಡಬೇಕಿತ್ತು. ಹಳೇ ಡಿಸ್ಕ್ ಇದ್ದಿದ್ರೆ ಎಷ್ಟೋ ಉಳೀತಿತ್ತು. ತಪ್ಪು ನಂದೇ."

ಸೊಸೆ ಟೇಪು ಬಿಸಾಡಿ ಎದ್ದಳು. "ಏನಕ್ಕಾ ಇದು! ನಿಮ್ಮನ್ನ ನಂಬಿ ಕೊಟ್ವಲ್ಲ! ಇನ್ನರ್ಧ ಗಂಟೇಲಿ ಅವರು ಬರ್ತಾರೆ, ಏನಂತ ಮುಖ ತೋರಿಸೋದು? ಇವರಿಗೆ ಇರೋ ಕೊರಗು ಸಾಲದು ಅಂತ ನೀವೂ ಗಾಯದ ಮೇಲೆ ಬರೆ ಎಳೆದ್ರಾ?"

ಅಕ್ಕ ತಲೆ ತಗ್ಗಿಸಿದಳು. ಬೈಸಿಕೊಳ್ಳಲೆಂದೇ ಬಂದಿದ್ದಳು. "ಎಲ್ಲಾ ಕೆಟ್ಟಿಲ್ಲಮ್ಮ. ಕೆಟ್ಟಿರೋ ಕಡೆ ಅಂಕಿಗೆ ನಾಲ್ಕು ಸೇರಿದೆ. ಒಬ್ಬೊಬ್ಬರದೇ ನೋಡಿ, ಅನುಮಾನ ಇದ್ದವರನ್ನ ಮತ್ತೆ ಕರೆಸಿ..."

"ಎಷ್ಟು ಅಂದೆ?" ಅಂದರು ಅಜ್ಜ.

"ನಾಲ್ಕು."

"ನಾಲ್ಕೇ?"

"ನಾಲ್ಕೇ ಯಜಮಾನ್ರೇ. ಅಂಕಿ ಬಿಡಿ ಸ್ಥಾನದಲ್ಲಿದ್ರೆ ನಾಲ್ಕು ಮಿಲಿಮೀಟರ್. ಹತ್ತರ ಸ್ಥಾನದಲ್ಲಿದ್ರೆ ನಲವತ್ತು, ಅದು ನಿಮಗೆ ನೋಡಿದ ತಕ್ಷಣ ಗೊತ್ತಾಗುತ್ತೆ. ಯಾವಾಗಲೂ ಹೆಚ್ಚಾಗುತ್ತೆ, ಕಡಿಮೆ ಆಗೋದೇ ಇಲ್ಲ."

ಅಜ್ಜ ಸ್ಟೂಲಿನಿಂದ ಎದ್ದರು. ಒಂದು ಕೈ ಗೋಡೆಗೆ ಕೊಟ್ಟರು. "ಅಂಚೆಯವನ ಎಡ ಹಿಮ್ಮಡಿ ಕೆಳಗಿನ ಮೆತ್ತೆ," ಅಂದರು. "ಹದಿಮೂರು ಇರಬೇಕಾದದ್ದು ಹದಿನೇಳು ಆಗಿತ್ತು. ಬಿಚ್ಚಿ ಅಳೆದು ನೋಡಿದೆ. ಆ ಹಾಡಿನ ಟೀಚರಮ್ಮಂದು ಬೆರಳ ಹತ್ರ ಸಡಿಲ. ಎಷ್ಟು? ನಾಲ್ಕು. ಗ್ಯಾರೇಜಿನವನ ಮಗಳದು..." ಅವರು ಸೊಸೆಯ ಕಡೆ ತಿರುಗಿದರು. "ಗ್ಯಾರೇಜಿನವನ ಮಗಳದು ಎಷ್ಟಿತ್ತಮ್ಮ? ನೀನೇ ತಾನೆ ಟೇಪು ಹಿಡಿದಿದ್ದು."

ಸೊಸೆಯ ದನಿ ಸಣ್ಣಗಾಯಿತು. "ನಾಲ್ಕು, ಮಾವ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾವೆಲ್ಲ ನಗುತ್ತೇವೆ. ಈ ಮನುಷ್ಯ ಮೂರು ತಿಂಗಳಲ್ಲಿ ಒಮ್ಮೆಯೂ ನೆಲದ ಕಡೆ ಬೆರಳು ತೋರಿಸಿರಲಿಲ್ಲ. ಇಲ್ಲಿ ನೆಲವೇ ಡೊಂಕಿತ್ತು.

"ಯಜಮಾನ್ರೇ, ಆ ಮೂರು ಜೊತೆ ನನ್ನ ಕೈಗೆ ಕಂಪ್ಯೂಟರ್ ಬರೋ ಮುಂಚಿನದು," ಅಂದಳು ಅಕ್ಕ ನಿಧಾನವಾಗಿ. "ಆರು ತಿಂಗಳಿಂದ ಹ್ಯಾಂಗ್ ಆಗ್ತಿತ್ತಲ್ಲ, ಆವಾಗಿಂದಲೇ ಆ ಪಟ್ಟಿ ಕೆಟ್ಟಿದೆ. ನೀವು ಸರಿಯಾಗೇ ಹಾಕಿದ್ದೀರಿ, ಅದು ತಪ್ಪಾಗಿ ಇಟ್ಟುಕೊಂಡಿದೆ. ಕೈ ತಪ್ಪಿದ್ರೆ ಒಂದ್ಸಲ ಹೆಚ್ಚು, ಒಂದ್ಸಲ ಕಡಿಮೆ ಬರುತ್ತೆ. ಮೂರೂ ಸಲ ಸರಿಯಾಗಿ ನಾಲ್ಕೇ ಹೆಚ್ಚು ಯಾವ ಕೈಯೂ ತಪ್ಪಲ್ಲ."

ಅಜ್ಜ ತಮ್ಮ ಕೈಗಳನ್ನು ನೋಡಿಕೊಂಡರು. ಬೆರಳ ತುದಿಗಳಲ್ಲಿ ಅಂಟು ಒಣಗಿ ಸಿಪ್ಪೆ ಎದ್ದಿತ್ತು. "ಮೂರು ತಿಂಗಳು ಇವನ್ನ ಬೈದಿದ್ದೀನಿ," ಅಂದರು. ಇದ್ದಕ್ಕಿದ್ದಂತೆ ಸಿಟ್ಟು ಬಂತು. "ಥೂ ನಿನ್ನ! ಒಂದು ಹಲಗೆ ಚೂರು! ಹೇಳೋಕೇನಾಗಿತ್ತು ಅದಕ್ಕೆ?" ಅಕ್ಕನ ಮೇಲೂ ಕಣ್ಣು ಬಿಟ್ಟರು. "ನೀನೂ ಅಷ್ಟೇ. ತೂತು ಹೊಡೆಯೋಕೆ ಅಷ್ಟು ಅವಸರವೇನಿತ್ತು?"

"ಅವಸರ ಇರಲಿಲ್ಲ ಯಜಮಾನ್ರೇ. ಅಭ್ಯಾಸ."

"ಅದಿನ್ನೂ ಕೆಟ್ಟದ್ದು," ಅಂದರು ಅಜ್ಜ. ಅಷ್ಟು ಹೇಳಿದವರೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಸದ್ದು ಮಾಡಿ, ಹೆಗಲು ಕುಲುಕಿಸಿ ಅತ್ತರು.

ಸೊಸೆ ಓಡಿಬಂದು ಅವರ ತೋಳು ಹಿಡಿದಳು. ಅವಳ ಕಣ್ಣೂ ತುಂಬಿತ್ತು. "ನಾನೇ ಅಂದುಬಿಟ್ಟೆ ಮಾವ, ವಯಸ್ಸಾಯ್ತು, ಸಾಕು ಅಂತ. ನನ್ನ ಬಾಯಿಗೆ ಹುಳ ಬೀಳ."

"ನೀನಂದಿದ್ದಕ್ಕಲ್ಲ ಕಣಮ್ಮ," ಅಂದರು ಅಜ್ಜ ಮೂಗು ಒರೆಸಿಕೊಳ್ಳುತ್ತಾ. "ನೀನಂದಿದ್ದರಿಂದ ನೋವಾಗಲಿಲ್ಲ. ನಾನೇ ನಂಬಿಬಿಟ್ಟೆನಲ್ಲ, ಅದು."

ಪಕ್ಕದೂರಿನ ಜೋಡಿನವನಿಗೆ ಸೊಸೆ ಫೋನ್ ಮಾಡಿ ಬರಬೇಡಿ ಅಂದಳು. ಅವನು ಆಗಲೇ ದಾರಿಯಲ್ಲಿದ್ದ. ಬಾಯಿಗೆ ಬಂದದ್ದು ಅಂದು ಫೋನಿಟ್ಟ. ಅನ್ನಲಿ ಬಿಡಿ. ಅಜ್ಜ ಹೊಲಿಗೆ ಯಂತ್ರದ ಹಗ್ಗ ಬಿಚ್ಚಲು ಕೂತರು. ಗಂಟು ಬಿಗಿಯಾಗಿತ್ತು. ಸೊಸೆ ಕತ್ತರಿ ಕೊಟ್ಟರೂ ತೆಗೆದುಕೊಳ್ಳದೆ ಉಗುರಿನಲ್ಲೇ ಬಿಡಿಸಿದರು.

ಅಕ್ಕ ಎಂಟು ದಿನ ತನ್ನ ಅಂಗಡಿಗೆ ಅರ್ಧ ದಿನ ಬೀಗ ಹಾಕಿದಳು. ಬಾಗಿಲ ಮೇಲೆ ಒಂದು ಕಾಗದ ಅಂಟಿಸಿದ್ದಳು: "ಒಂದು ಕೆಲಸ ಕೆಡಿಸಿದ್ದೇನೆ, ಸರಿಮಾಡಲು ಹೋಗಿದ್ದೇನೆ." ಓದಿದವರು ನಕ್ಕರು, ಒಂದಿಬ್ಬರು ಆಡಿಕೊಂಡರು, ಕೆಲವರು ಕಂಪ್ಯೂಟರನ್ನು ಬೇರೆ ಕಡೆ ಒಯ್ದರು. ಅವಳು ಮತ್ತು ಸೊಸೆ ಸೇರಿ ನಾನೂರ ಹನ್ನೆರಡು ಫೈಲುಗಳನ್ನೂ ಅಜ್ಜನಿಗೆ ಓದಿ ಹೇಳಿದರು. ಆ ಕಾಲಿನ ಮಿಕ್ಕ ಅಳತೆಗಳಿಗೆ ಹೊಂದದ ಅಂಕಿ ಬಂದಲ್ಲೆಲ್ಲ ಅಜ್ಜ "ನಿಲ್ಲಿ" ಅನ್ನುವರು. ಹಾಗೆ ನಲವತ್ಮೂರು ಜನರನ್ನು ಮತ್ತೆ ಅಳೆಯಬೇಕು ಅಂತಾಯಿತು. ಅವರಿಗೆಲ್ಲ ಫೋನ್ ಮಾಡಿ "ತಪ್ಪು ನನ್ನದು, ಯಜಮಾನರದ್ದಲ್ಲ" ಅಂತ ಒಬ್ಬೊಬ್ಬರಿಗೂ ಹೇಳಿದವಳು ಅಕ್ಕನೇ. ಕಾಯಿದೆಯನ್ನೂ ತಿದ್ದಿಕೊಂಡಳು: ಮೊದಲು ಮೆಮೊರಿ ಪರೀಕ್ಷೆ, ಆಮೇಲೆ ನಕಲು, ತೂತು ಒಂದು ತಿಂಗಳು ಕಳೆದ ಮೇಲೆ.

ಮೊದಲು ಬಂದವರು ಅಂಚೆಯವರು. ಸ್ಟೂಲಿನ ಮೇಲೆ ಕೂತು, ಹಿಮ್ಮಡಿಗೆ ಹಚ್ಚಿದ್ದ ಪಟ್ಟಿ ಬಿಚ್ಚಿ ಎಡಗಾಲು ಮುಂದಿಟ್ಟರು. ಗಾಯ ಒಣಗಿ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಜ್ಜ ನೆಲದಲ್ಲಿ ಮಂಡಿಯೂರಿ ಪಾದದ ಸುತ್ತ ಟೇಪು ಸುತ್ತಿದರು, ಅಂಕಿ ನೋಡಿದರು, ಹೇಳಲಿಲ್ಲ. ಪೆನ್ನು ಹಿಡಿದು ಕೂತಿದ್ದ ಅಕ್ಕನನ್ನು ಕರೆದರು.

"ನೀನೊಂದ್ಸಲ ನೋಡಮ್ಮ. ಎಷ್ಟಿದೆ?"

ಅಕ್ಕ ಬಗ್ಗಿ ನೋಡಿದಳು. "ಇನ್ನೂರ ಮೂವತ್ತೊಂದು."

"ಹೂಂ. ನನಗೂ ಅಷ್ಟೇ ಕಂಡಿತು. ಬರ್ಕೋ."

ಆಮೇಲೆ ಬಲಗಾಲಿಗೆ ಟೇಪು ಸುತ್ತಿದರು. ಅಕ್ಕ ಬಗ್ಗಲು ಹೋದಳು. ಅಜ್ಜ ಅವಳ ಕಡೆ ತಿರುಗಲಿಲ್ಲ. ತಾವೇ ನೋಡಿ, ತಾವೇ ಗಟ್ಟಿಯಾಗಿ ಅಂಕಿ ಹೇಳಿದರು. ಅವಳು ಬರೆದುಕೊಂಡಳು.